ಸಂಬಂಧವಿಲ್ಲದ ಚಿಕ್ಕಮ್ಮ

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಡ್ಡಿ ಎಂದೇ. ಮೈ ನೋಡಿ ಇಟ್ಟ ಹೆಸರಲ್ಲ, ಮೈಕೈ ತುಂಬಿಕೊಂಡೇ ಇದ್ದಳು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಜೊತೆಯ ಹುಡುಗಿಯರು ಇಟ್ಟದ್ದು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ ಕಲಿಯುತ್ತಿದ್ದಳು. ಕೊನೆಯ ವರ್ಷ ಯಾವುದಾದರೂ ಆಸ್ಪತ್ರೆಯಲ್ಲಿ ಆರು ತಿಂಗಳು ದುಡಿದು ತೋರಿಸಬೇಕು, ಇಲ್ಲದಿದ್ದರೆ ಸರ್ಟಿಫಿಕೇಟ್ ಕೈಗೆ ಬರುವುದಿಲ್ಲ. ಯಾರು ಬೇಕೆಂದು ಆಸ್ಪತ್ರೆಯವರೇ ಸಂದರ್ಶನ ಮಾಡಿ ಆರಿಸಿಕೊಳ್ಳುತ್ತಾರೆ. ಒಂದು ಕಡೆ ನಮ್ಮ ಲ್ಯಾಬ್ ಹೇಗನ್ನಿಸಿತು ಎಂದು ಕೇಳಿದವರಿಗೆ, ಕೊಳಕಾಗಿದೆ ಎಂದು ಹೇಳಿ ಎದ್ದು ಬಂದಿದ್ದಳು ಪುಣ್ಯಾತ್ಗಿತ್ತಿ. ಇಂಥವಳನ್ನು ಯಾರು ಇಟ್ಟುಕೊಳ್ಳುತ್ತಾರೆ ಹೇಳಿ? ಕೊನೆಗೆ ಉಳಿದದ್ದು ದೊಡ್ಡಾಸ್ಪತ್ರೆ ಒಂದೇ. ಅದೂ ತಪ್ಪಿದರೆ ಓದಿದ್ದೆಲ್ಲ ನೀರಿನಲ್ಲಿ ಹೋಮ.

ಸಂದರ್ಶನಕ್ಕೆ ಹುಡುಗಿಯರನ್ನು ತಯಾರು ಮಾಡಲು ಕಾಲೇಜಿನವರು ಹುಡುಕಿ ಹುಡುಕಿ ತಂದದ್ದು ಯಾರನ್ನು? ಕಡ್ಡಿಯ ಚಿಕ್ಕಮ್ಮನನ್ನು, ಅವಳ ಅಮ್ಮನ ಒಡಹುಟ್ಟಿದ ತಂಗಿಯನ್ನು. ಅಕ್ಕತಂಗಿಯರದು ಎಣ್ಣೆ ಸೀಗೇಕಾಯಿ. ಕಡ್ಡಿಯ ಅಪ್ಪ ಕುಡಿದು ಕುಡಿದು ಸತ್ತ ದಿನ, ಹೆಣ ಇನ್ನೂ ಮನೆಯಲ್ಲಿರುವಾಗಲೇ, ಇವನು ಹೋದದ್ದೇ ಒಳ್ಳೆಯದಾಯಿತು, ಇನ್ನಾದರೂ ನಮ್ಮಕ್ಕ ಕಣ್ತುಂಬ ನಿದ್ದೆ ಮಾಡಲಿ ಎಂದು ಚಿಕ್ಕಮ್ಮ ನೆರೆದವರೆದುರು ಅಂದುಬಿಟ್ಟಿದ್ದಳು. ಅಂದದ್ದು ನಿಜವೇ. ನಿಜವಾದದ್ದಕ್ಕೇ ಅಮ್ಮನಿಗೆ ಮೈಯೆಲ್ಲ ಉರಿದದ್ದು. ಅಂದಿನಿಂದ ಅಂಗಡಿಯವನು ಕೇಳಲಿ, ಪಕ್ಕದ ಮನೆಯವಳು ಕೇಳಲಿ, ಅಮ್ಮನದು ಒಂದೇ ಉತ್ತರ: ಅವಳಿಗೂ ನಮಗೂ ಸಂಬಂಧ ಇಲ್ಲ. ಅಕ್ಷರ ಕಲಿಯುವ ವಯಸ್ಸಿನಲ್ಲೇ ಕಡ್ಡಿ ಅದನ್ನೂ ಕಲಿತಳು.

ತರಗತಿಯಲ್ಲಿ ಚಿಕ್ಕಮ್ಮ ಉಳಿದವರನ್ನೆಲ್ಲ ನೀನು, ಬಾರೇ, ಹೋಗೇ ಎನ್ನುತ್ತಿದ್ದಳು. ಕಡ್ಡಿಗೆ ಮಾತ್ರ ‘ನೀವು’. ಅಬ್ಬಾ, ನಿನಗೆಷ್ಟು ಮರ್ಯಾದೆ ಎಂದು ಗೆಳತಿಯರು ಹೊಟ್ಟೆಕಿಚ್ಚುಪಟ್ಟರು. ಮರ್ಯಾದೆಯಂತೆ, ಮಣ್ಣಂತೆ! ಸೊಂಟದ ಮೇಲೆ ಎತ್ತಿ ಆಡಿಸಿದ ಮಗುವನ್ನು ‘ನೀವು’ ಎನ್ನುವುದೂ ಒಂದೇ, ಬಾಗಿಲು ಮುಚ್ಚಿ ಚಿಲಕ ಹಾಕುವುದೂ ಒಂದೇ. ಕಡ್ಡಿಗೆ ಅದು ಗೊತ್ತಿತ್ತು. ಅವಳೂ ಬಿಡಲಿಲ್ಲ, ‘ಮೇಡಂ’ ಎನ್ನುವಾಗೆಲ್ಲ ಹಲ್ಲು ಕಚ್ಚಿಯೇ ಅನ್ನುತ್ತಿದ್ದಳು.

ಒಂದು ಮೇಜು ಹಾಕಿ, ಆಚೆ ತಾನು ಕೂತು, ಈಚೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಚಿಕ್ಕಮ್ಮ ಸುಳ್ಳುಸುಳ್ಳೇ ಸಂದರ್ಶನ ನಡೆಸುತ್ತಿದ್ದಳು. ಕಡ್ಡಿಯ ಸರದಿ ಬಂದರೆ ತರಗತಿಗೆ ಪುಕ್ಕಟೆ ನಾಟಕ. ಒಂದು ದಿನ, ಕೈಯಲ್ಲಿ ನರ ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಚಿಕ್ಕಮ್ಮ ಕೇಳಿದಳು. ಇನ್ನೊಂದು ಸಲ ಚುಚ್ಚುತ್ತೇನೆ ಎಂದಳು ಕಡ್ಡಿ. ಆಗಲೂ ಸಿಗದಿದ್ದರೆ? ಮತ್ತೊಂದು ಸಲ.

“ಅದು ರೋಗಿ ಕೈನಾ, ಟೈಲರ್ ಅಂಗಡಿ ಗುಂಡುಸೂಜಿ ದಿಂಬಾ?” ಎಂದಳು ಚಿಕ್ಕಮ್ಮ. “ಎರಡು ಸಲ ಆಗ್ಲಿಲ್ಲ ಅಂದ್ರೆ ಸೂಜಿ ಕೆಳಗಿಟ್ಟು ದೊಡ್ಡವರನ್ನ ಕರೀಬೇಕು. ನಿಮಗೆ ಸೋಲೋದು ಬರಲ್ಲ, ಅದೇ ನಿಮ್ಮ ರೋಗ.”

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಕಡ್ಡಿಯ ಕಿವಿ ಕೆಂಪಗಾಯಿತು. ಅಳುವ ಜಾತಿಯಲ್ಲ ಅವಳದು, ಹಗೆ ಸಾಧಿಸುವ ಜಾತಿ. ಬಚ್ಚಲಿನ ಕನ್ನಡಿಯಲ್ಲಿ ಚಿಕ್ಕಮ್ಮನ ಮುಖವೇ ಇದೆಯೆಂದುಕೊಂಡು ಒಂದೊಂದು ಪ್ರಶ್ನೆಗೂ ಉತ್ತರ ಒಪ್ಪಿಸಿದಳು. ಯಾವ ಬಣ್ಣದ ಮುಚ್ಚಳದ ಟ್ಯೂಬ್ ಮೊದಲು, ಯಾವುದು ಆಮೇಲೆ, ರೋಗಿ ತಲೆಸುತ್ತಿ ಬಿದ್ದರೆ ಏನು, ಕೇಳಿದ ಪ್ರಶ್ನೆ ಅರ್ಥವಾಗದಿದ್ದರೆ ಏನು, ಎಲ್ಲ ನಾಲಿಗೆ ತುದಿಗೆ ಬಂತು. ಉಗುರು ಕತ್ತರಿಸಿದಳು, ಬೆನ್ನು ನೆಟ್ಟಗೆ ಇಟ್ಟು ಕೂರುವುದನ್ನು ಕಲಿತಳು, ಕೊನೆಗೆ ನಗುವುದನ್ನೂ ಕಲಿತಳು. ದ್ವೇಷದಂಥ ಮೇಷ್ಟ್ರು ಇನ್ನೊಬ್ಬರಿಲ್ಲ ಬಿಡಿ. ಕೊನೆಯ ದಿನ ಚಿಕ್ಕಮ್ಮ ಎಷ್ಟು ಕೆದಕಿದರೂ ತಪ್ಪು ಸಿಗದೆ, ಸರಿ, ಮುಂದಿನವರು ಬನ್ನಿ ಎಂದಳು.

ದೊಡ್ಡಾಸ್ಪತ್ರೆಯಲ್ಲಿ ಲ್ಯಾಬಿನ ಮುಖ್ಯಸ್ಥರೂ ದಾದಿಯರ ಮೇಲ್ವಿಚಾರಕಿಯೂ ಕೂತಿದ್ದರು. ಕೇಳಿದ್ದಕ್ಕೆಲ್ಲ ಕಡ್ಡಿ ಅರಳು ಹುರಿದಂತೆ ಉತ್ತರ ಕೊಟ್ಟಳು. ನರ ಸಿಗದ ಪ್ರಶ್ನೆಯೂ ಬಂತು, ಸೂಜಿ ಕೆಳಗಿಟ್ಟು ದೊಡ್ಡವರನ್ನು ಕರೆಯುತ್ತೇನೆ ಎಂದಳು. ಮೇಲ್ವಿಚಾರಕಿಯ ಮುಖ ಅರಳಿತು. ಇನ್ನೇನು ಎದ್ದು ಹೋಗಬೇಕು, ಆಗ ಮುಖ್ಯಸ್ಥರು, ನಿಮ್ಮ ಕಾಲೇಜಿನಲ್ಲಿ ಸಂದರ್ಶನದ ಪಾಠ ಹೇಳುವ ಮೇಡಂ ನಿಮಗೆ ಸಂಬಂಧವಾ ಎಂದು ಕೇಳಿದರು.

“ಇಲ್ಲ ಸರ್, ಅವರಿಗೂ ನಮಗೂ ಸಂಬಂಧ ಇಲ್ಲ.”

ನಾಲಿಗೆ ತಲೆಯನ್ನು ಕೇಳಲೇ ಇಲ್ಲ. ಅಂಗಡಿಯವನಿಗೆ ಹೇಳುವ ಹಾಗೆ ಹೇಳಿಬಿಟ್ಟಳು. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಹಿಂದಿನ ದಿನವೇ ಚಿಕ್ಕಮ್ಮ ಫೋನ್ ಮಾಡಿ, ಆ ಹುಡುಗಿ ನಮ್ಮಕ್ಕನ ಮಗಳು, ನಾನು ಶಿಫಾರಸು ಮಾಡುವುದಿಲ್ಲ, ಕೆಲಸ ಮಾತ್ರ ನೋಡಿ ಎಂದು ಹೇಳಿದ್ದಳಂತೆ. ಅದನ್ನು ತಿಳಿಸಿ ಮುಖ್ಯಸ್ಥರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು.

“ಟ್ಯೂಬಿನ ಮೇಲೆ ತಪ್ಪು ಹೆಸರು ಬರೆದ್ರೂ ಪರವಾಗಿಲ್ಲಮ್ಮ, ಬಂದು ತಪ್ಪಾಯ್ತು ಅಂತ ಹೇಳೋರು ನಮಗೆ ಬೇಕು. ಸುಳ್ಳು ಹೇಳೋರು ಬೇಡ.”

ಹುಟ್ಟಿದಾಗಿನಿಂದ ಯಾರಿಗೂ ಹೆದರದೆ ನಿಜ ಹೇಳಿ ಕೆಟ್ಟವಳಾದ ಹುಡುಗಿ! ಮನೆಯಲ್ಲಿ ಹಾಗೆ ಹೇಳುವುದು ರೂಢಿ ಸರ್ ಎನ್ನಲು ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಜಾಗ ಇನ್ನೊಬ್ಬಳಿಗೆ ಹೋಯಿತು.

ಹೊರಗೆ ವರಾಂಡದಲ್ಲಿ ಚಿಕ್ಕಮ್ಮ ಕಾಯುತ್ತಿದ್ದಳು. ಒಳಗಿನದನ್ನು ಕಡ್ಡಿ ಮುಚ್ಚಿಡದೆ ಹೇಳಿದಳು.

“ಇಷ್ಟು ದಿನ ನಾನು ಗಂಟಲು ಹರ್ಕೊಂಡಿದ್ದು ದಂಡ,” ಎಂದಳು ಚಿಕ್ಕಮ್ಮ. “ನಿಮ್ಮಮ್ಮ ಕಲಿಸಿದ್ದು ಒಂದೇ ಉತ್ತರ, ಅದನ್ನೇ ಗಟ್ಟಿ ಮಾಡ್ಕೊಂಡಿದ್ದೀಯಲ್ಲೇ ನೀನು.”

‘ನೀವು’ ಹೋಗಿತ್ತು. ಹೋಗಿ ಏನು ಬಂತು, ಅವಳ ಕಣ್ಣಿನಲ್ಲಿ ಪ್ರೀತಿ ಹುಡುಕಿದರೂ ಸಿಗುತ್ತಿರಲಿಲ್ಲ. ಕೈಚೀಲ ಹೆಗಲಿಗೇರಿಸಿ ತಿರುಗಿ ನೋಡದೆ ಹೊರಟುಹೋದಳು.

ಮನೆಗೆ ಬಂದರೆ ಅಮ್ಮ ಪಾತ್ರೆ ಉಜ್ಜುತ್ತಿದ್ದಳು. ಸಿಗಲಿಲ್ಲ ಎಂದಷ್ಟೇ ಹೇಳಿದಳು ಕಡ್ಡಿ. ತಗೋ, ಶುರುವಾಯಿತು. ಅವಳೇ ಕಲ್ಲು ಹಾಕಿದ್ದಾಳೆ, ನಮ್ಮ ಏಳಿಗೆ ಕಂಡರೆ ಅವಳಿಗಾಗುವುದಿಲ್ಲ, ಅಂದು ಹೆಣದ ಮುಂದೆ ನಾಲಿಗೆ ಹರಿಬಿಟ್ಟವಳು ಇಂದು ಬಿಡುತ್ತಾಳೆಯೇ, ಅವಳ ಕೈಗೆ ಕರಿನಾಗರ ಕಚ್ಚ. ಬೇರೆ ದಿನವಾಗಿದ್ದರೆ ಕಡ್ಡಿಯೂ ದನಿಗೂಡಿಸುತ್ತಿದ್ದಳು. ಇಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಅಷ್ಟನ್ನೂ ಕೇಳಿದಳು.

“ಕಲ್ಲು ಹಾಕಿದ್ದು ಚಿಕ್ಕಮ್ಮ ಅಲ್ಲಮ್ಮ. ನೀನು ಎತ್ತಿಕೊಟ್ಟೆ, ನಾನೇ ಹಾಕ್ಕೊಂಡೆ.”

ಉಜ್ಜುತ್ತಿದ್ದ ಅಮ್ಮನ ಕೈ ನಿಂತಿತು. ಕೆಲಸ ಯಾಕೆ ತಪ್ಪಿತೆಂದು ಅವಳು ಕೇಳಲಿಲ್ಲ.

“ಯಾರನ್ನೇ ನೀನು ಚಿಕ್ಕಮ್ಮ ಅಂದಿದ್ದು?” ಎಂದು ಕೇಳಿದಳು.