ಬ್ಯಾಡಗಿಯಿಂದ ಹೋದ ಕೌದಿ

ಚಿಕ್ಕಂದಿನಲ್ಲಿ ನಮ್ಮ ಓಣಿಯಲ್ಲಿ ಯಾರಾದರೂ ಅಂಗಡಿಯಿಂದ ತಂದು ಉಡುಗೊರೆ ಕೊಟ್ಟದ್ದು ನನಗೆ ನೆನಪಿಲ್ಲ. ಒಡೆದ ಬಳೆಯ ಚೂರುಗಳನ್ನು ಚಿಮಣಿ ದೀಪಕ್ಕೆ ಹಿಡಿದು ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಬಾಗಿಲ ತೋರಣ ಮಾಡುತ್ತಿದ್ದರು. ಜೋಳದ ದಂಟಿನ ಬೆಂಡಿನಿಂದ ಎತ್ತಿನ ಬಂಡಿ, ಸೀರೆಯ ಅಂಚಿನಿಂದ ಕೂಸಿನ ತಲೆಗೆ ಕುಂಚಿಗೆ. ಈಗಿನವರು ಗೋಡೆ ಗಡಿಯಾರವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟು, ಊಟ ಮಾಡಿ ಹೋಗುತ್ತಾರೆ. ಕೊಡಲಿ ಬಿಡಿ, ಯಾರು ಬೇಡ ಅಂದರು? ಆದರೆ ಕೈಯಿಂದ ಮಾಡಿದ ಒಂದು ಉಡುಗೊರೆ ಏನೇನು ಮಾಡಬಲ್ಲದು ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು ಎಂಬತ್ತರ ದಶಕದ ಕೊನೆ. ನಾನು ಬ್ಯಾಡಗಿಯಿಂದ ದಿನಾ ಬಸ್ಸು ಹಿಡಿದು ಹಾವೇರಿಯ ಕಾಲೇಜಿಗೆ ಹೋಗುತ್ತಿದ್ದೆ. ಪಕ್ಕದ ಮನೆಯವಳು ನನ್ನ ಜೀವದ ಗೆಳತಿ. ಅವಳು ತಾನೇ ಮೆಚ್ಚಿದ, ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ರಾಣೆಬೆನ್ನೂರು ಸೇರಿದ್ದಳು. ತಂದೆ ಮೊದಲೇ ತೀರಿಕೊಂಡಿದ್ದರು. ಇದ್ದ ಒಬ್ಬ ತಾಯಿ, "ನನಗ ಮಗಳ ಇಲ್ಲ" ಅಂದುಬಿಟ್ಟಳು. ಅಂದಮೇಲೆ ಮುಗಿಯಿತು. ಆ ಹೆಂಗಸಿನ ಹಟ ಊರಿಗೇ ಗೊತ್ತಿತ್ತು. ಯಾರಾದರೂ ಮಗಳ ಸುದ್ದಿ ತೆಗೆದರೆ ಸೆರಗು ಕೊಡವಿಕೊಂಡು ಒಳಗೆ ಎದ್ದು ಹೋಗುತ್ತಿದ್ದಳು.

ಹೀಗಿರುವಾಗ ಗೆಳತಿಗೆ ಹೆಣ್ಣು ಕೂಸು ಹುಟ್ಟಿತೆಂದು ಸುದ್ದಿ ಬಂತು. ನಮ್ಮ ಕಡೆ ಚೊಚ್ಚಲ ಕೂಸಿನ ಕೌದಿ ತವರಿನಿಂದಲೇ ಹೋಗಬೇಕು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ದಪ್ಪ ದಾರದಲ್ಲಿ ಹೊಲಿದರೆ ಕೌದಿ. ಮೆತ್ತಗಾದ ಹಳೆ ಬಟ್ಟೆಯೇ ಬೇಕು; ತಾಯಿ, ಅಜ್ಜಿ, ಅತ್ತೆ ಉಟ್ಟು ಸವೆಸಿದ್ದು. ಆದರೆ ತವರೇ ಬಾಗಿಲು ಹಾಕಿಕೊಂಡವಳಿಗೆ ಕೌದಿ ಯಾರು ಹೊಲಿಯಬೇಕು?

"ನಾವು ಸತ್ತೇವೇನ? ನಾವ ಹೊಲಿಯೂಣು" ಅಂದವಳು ಎದುರು ಮನೆಯ ಖಾಲಾ. ಗುತ್ತಲದಿಂದ ಸೊಸೆಯಾಗಿ ಬಂದ ಮುಸಲ್ಮಾನ ಹೆಂಗಸು. ಓಣಿಯ ಎಲ್ಲರಿಗೂ ಖಾಲಾ, ಅಂದರೆ ಚಿಕ್ಕಮ್ಮ. ಮನೆಯೊಳಗೆ ಉರ್ದು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ.

ಅದು ಮೆಣಸಿನಕಾಯಿ ಸುಗ್ಗಿಯ ಕಾಲ. ಓಣಿಯ ಹೆಂಗಸರೆಲ್ಲ ಖಾಲಾನ ಅಂಗಳದಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅಂಗಳದ ತುಂಬ ಕೆಂಪು ರಾಶಿ, ಗೋಡೆಗೆ ಒತ್ತಿ ಚೀಲಗಳು. ಗೆಳತಿಯ ತಾಯಿಯೂ ಅಲ್ಲೇ ಕೂರುತ್ತಿದ್ದಳು. ಖಾಲಾ ಆಕೆಯ ಮುಂದೆಯೇ, ಬೇಕೆಂದೇ ದೊಡ್ಡ ದನಿಯಲ್ಲಿ, "ಮನೀಗೊಂದು ತುಂಡು ತರ್ರಿ" ಅಂದಳು. ಎಲ್ಲರೂ ತಂದರು. ಒಬ್ಬಳು ತನ್ನ ಮದುವೆಯ ಇಳಕಲ್ ಸೀರೆಯ ಸೆರಗನ್ನೇ ಕತ್ತರಿಸಿ ತಂದಳು. ನನ್ನ ಅವ್ವ ಹೂವಿನ ಸೀರೆ ಕೊಟ್ಟಳು. ಖಾಲಾ ತನ್ನ ಹಸಿರು ಓಢಣಿ ಹರಿದಳು. ಕೊನೆಗೆ ಎಲ್ಲರ ಕಣ್ಣೂ ಆ ತಾಯಿಯ ಕಡೆ ಹೊರಳಿದವು. ಅವಳು ನಮಗೆ ಬೆನ್ನು ಮಾಡಿ ಕೂತು ತೊಟ್ಟು ಬಿಡಿಸುತ್ತಲೇ ಇದ್ದಳು. ನನಗೆ ಎಂಥ ಸಿಟ್ಟು ಬಂತೆಂದರೆ, ಇದು ಎದೆಯೋ ಬೀಸುವ ಕಲ್ಲೋ ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡೆ.

ಹೊಲಿಗೆ ಶುರುವಾಯಿತು. ಅಬ್ಬಾ, ಅದನ್ನು ಹೇಗೆ ಹೇಳಲಿ! ಮೊದಲ ದಿನ ಅದು ಬರೀ ಚಿಂದಿ. ನೆಲ ಒರೆಸಲೂ ನಾಚಬೇಕು, ಅಂಥದ್ದು. ಖಾಲಾ ನಾಲ್ಕೂ ಅಂಚಿನಿಂದ ದಾರ ಎಳೆಯುತ್ತ ಒಳಒಳಗೆ ಸುತ್ತಿ ಬಂದಳು. ಹೊಲಿಗೆ ಬಿದ್ದಲ್ಲೆಲ್ಲ ಬಟ್ಟೆ ಸಣ್ಣಗೆ ನೆರಿಗೆಗಟ್ಟಿ, ಗಾಳಿ ಬೀಸಿದ ಕೆರೆಯಂತೆ ಕಂಡಿತು. ಯಾರ ಸೀರೆ ಯಾವುದೆಂದು ಗೊತ್ತಿದ್ದರೂ ಅದು ಈಗ ಯಾರದೂ ಆಗಿರಲಿಲ್ಲ. ನಾನೂ ಸೂಜಿ ಹಿಡಿದೆ. ಖಾಲಾ ನೋಡಿ, "ಇದೇನ ಹೊಲಿಗಿನೋ, ಕ್ವಾಣ ನಡದ ಹೆಜ್ಜಿನೋ? ಬಿಚ್ಚು" ಅಂದಳು. ಕಾಲೇಜು ಕಲಿಯುವವಳು ನಾನು, ಎಲ್ಲರೂ ನಕ್ಕರು. ಬಿಚ್ಚಿ ಮತ್ತೆ ಹಾಕಿದೆ.

ಕೌದಿಯ ನಟ್ಟನಡುವೆ ಅಂಗೈಯಷ್ಟು ಜಾಗ ಹೊಲಿಯದೆ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಅದರೊಳಗೆ ರೊಟ್ಟಿಯ ಚೂರು ಇಟ್ಟು ಹೊಲಿದರೇನೇ ಕೌದಿ ಮುಗಿದ ಹಾಗೆ. "ಕೌದಿ ಉಪವಾಸ ಇದ್ರ ಹೊತಗೊಂಡವರೂ ಉಪವಾಸ" ಎನ್ನುತ್ತ ಖಾಲಾ ಜೋಳದ ರೊಟ್ಟಿಯ ಚೂರು ಇಟ್ಟು, ಬಿಸ್ಮಿಲ್ಲಾ ಅಂದು ಹೊಲಿದಳು. ನನ್ನ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಕೌದಿಗೆ ಎರಡೂ ಒಪ್ಪಿಗೆಯಾದವು. ನಾನು ಅದನ್ನು ಎತ್ತಿ ಮುಖಕ್ಕೆ ಒತ್ತಿಕೊಂಡೆ. ಇಡೀ ಓಣಿಯನ್ನೇ ಮಡಿಚಿ ಕೈಯಲ್ಲಿ ಹಿಡಿದ ಹಾಗಾಯಿತು.

ಮರುದಿನ ನಾನೂ ಖಾಲಾನೂ ರಾಣೆಬೆನ್ನೂರಿನ ಬಸ್ಸು ಹತ್ತಿದೆವು. ಕೌದಿ ನನ್ನ ತೊಡೆಯ ಮೇಲಿತ್ತು. ಮುಂದಿನ ಸೀಟಿನವನು ದಾರಿಯುದ್ದಕ್ಕೂ ಸೀನಿದ. ಪಾಪ, ನೆಗಡಿ ಅಂದುಕೊಂಡೆವು.

ಗೆಳತಿ ಕೌದಿಯನ್ನು ನೆಲದ ಮೇಲೆ ಹರಡಿ, ಒಂದೊಂದೇ ತುಂಡಿನ ಮೇಲೆ ಕೈಯಾಡಿಸುತ್ತ ಗುರುತು ಹಿಡಿದಳು. "ಇದು ನಿಮ್ಮವ್ವಂದು. ಇದು ಖಾಲಾಂದು." ಎಲ್ಲ ಮುಗಿದ ಮೇಲೂ ಅವಳ ಕೈ ಹುಡುಕುತ್ತಲೇ ಇತ್ತು. ಆಮೇಲೆ ತಲೆ ಎತ್ತದೆ ಕೇಳಿದಳು: "ನಮ್ಮವ್ವ ಏನರ ಅಂದ್ಲ?"

ಖಾಲಾ ಕೌದಿಯ ನೆರಿಗೆ ಸವರಿ ಸರಿಮಾಡುತ್ತ, "ಕೂಸಿನ್ನ ಹಾಕವ್ವ ಮೊದಲ, ನೋಡೂಣು" ಅಂದಳು.

ಕೂಸನ್ನು ಕೌದಿಯ ಮೇಲೆ ಮಲಗಿಸಿದೆವು. ಕೂಸು ಮೂಗು ಮುರಿಯಿತು. ಸೀನಿತು. ಮತ್ತೆ ಸೀನಿತು. ಮುಖ ಕೆಂಪಗಾಗಿ ಕಣ್ಣಲ್ಲಿ ನೀರು ಬಂದು, ಮನೆ ಹಾರಿಹೋಗುವ ಹಾಗೆ ಚೀರತೊಡಗಿತು. ಅಷ್ಟರಲ್ಲಿ ಗೆಳತಿಯ ಅತ್ತೆ ಕೆಮ್ಮುತ್ತ ಒಳಗಿನಿಂದ ಬಂದು, "ಯಾರ ಒಗ್ಗರಣಿ ಹಾಕಾಕತ್ತೀರಿ?" ಎಂದು ಕೇಳಿದರು.

ನಾನೂ ಖಾಲಾನೂ ಮುಖ ಮುಖ ನೋಡಿಕೊಂಡೆವು. ಮೆಣಸಿನಕಾಯಿ! ರಾಶಿಯ ಪಕ್ಕದಲ್ಲೇ ಹಾಸಿ, ಚೀಲಗಳ ಮೇಲೆ ಹರವಿ, ಅದೇ ಕೈಯಲ್ಲಿ ಹೊಲಿದಿದ್ದೆವು. ಪದರು ಪದರಿಗೂ ಖಾರದ ಧೂಳು ಇಳಿದಿತ್ತು. ವರ್ಷಗಟ್ಟಲೆ ಅದೇ ಗಾಳಿ ಉಸಿರಾಡಿದ ಬ್ಯಾಡಗಿಯ ಮೂಗುಗಳಿಗೆ ಅದು ತಿಳಿಯಲೇ ಇಲ್ಲ. ಕೂಸನ್ನು ತೊಳೆದು, ಕೌದಿಯನ್ನು ಹಿತ್ತಲಿನ ತಂತಿಗೆ ಹಾಕಿ, ಮೋರೆ ಸಣ್ಣದು ಮಾಡಿಕೊಂಡು ವಾಪಸು ಬಂದೆವು.

ಮಾರನೆಯ ದಿನ ಅಂಗಳದಲ್ಲಿ ಖಾಲಾ ಆದದ್ದೆಲ್ಲ ಹೇಳುತ್ತಿದ್ದಳು. ಹೆಂಗಸರು ಅಯ್ಯೋ ಅನ್ನುತ್ತಲೂ ನಗುತ್ತಲೂ ಇದ್ದರು. "ಕೂಸಿನ ಕಣ್ಣು ಕೆಂಪಗ ಕೆಂಡ ಆಗಿದ್ದೂವು" ಎಂದು ಖಾಲಾ ಅಂದದ್ದೇ ತಡ, ಆ ತಾಯಿ ಎದ್ದು ನಿಂತಳು. ಮಡಿಲಲ್ಲಿದ್ದ ಕಾಯೆಲ್ಲ ನೆಲಕ್ಕೆ ಚೆಲ್ಲಿದವು.

"ಎಳಿ ಕೂಸಿಗೆ ಖಾರ ಹೊಚ್ಚಿ ಬಂದೀರಲ್ಲ, ನಿಮ್ಮ ಬುದ್ಧಿಗೆ ಬೆಂಕಿ ಹತ್ತಲಿ! ಮೆಣಸಿನಕಾಯಾಗ ಕುಂತು ಕೌದಿ ಹೊಲಿತಾರೇನ ಯಾರರ?"

ಖಾಲಾ ಬಿಡುವವಳೇ? "ಬಾಜೂಕ ಕುಂತಿದ್ದೆಲ್ಲವಾ, ನೀ ಯಾಕ ಹೇಳಲಿಲ್ಲ?"

"ನನಗೂ ತಿಳೀಲಿಲ್ಲಲ್ಲ!" ಅಂದಳು ಆ ತಾಯಿ. "ನಡೀರಿ, ಲಗೂ ನಡೀರಿ. ಅದನ್ನ ಒಗಿಯಾಕ ಅವರಿಗೇನ ಬರತೈತಿ?"

ಮನೆಗೆ ಹೋಗಿ ಬಟ್ಟೆ ಒಗೆಯುವ ಅಂಟವಾಳದ ಕಾಯಿಯನ್ನು ಸೆರಗಿಗೆ ಕಟ್ಟಿಕೊಂಡು ಬಂದವಳೇ ನಡೆದುಬಿಟ್ಟಳು. ನಾವಿಬ್ಬರೂ ಹಿಂದೆ ಓಡಿದೆವು. ಬಸ್ಸಿನಲ್ಲಿ ನಾನು ಬಾಯಿ ಬಿಡಲಿಲ್ಲ. ಮಾತಾಡಿದರೆ ಎಲ್ಲಿ ಇಳಿದುಬಿಡುತ್ತಾಳೋ ಎಂದು ಹೆದರಿಕೆ.

ಬಾಗಿಲಲ್ಲಿ ತಾಯಿಯನ್ನು ಕಂಡು ಗೆಳತಿ ಗೋಡೆ ಹಿಡಿದು ನಿಂತಳು. ತಾಯಿ ಮಗಳ ಕಡೆ ನೋಡಲಿಲ್ಲ, "ಎಲ್ಲೈತಿ ಕೌದಿ?" ಎಂದು ಗೋಡೆಗೆ ಕೇಳಿದ ಹಾಗೆ ಕೇಳಿ ನೇರ ಹಿತ್ತಲಿಗೆ ಹೋದಳು. ಅಂಟವಾಳದ ನೀರಲ್ಲಿ ನೆನೆಸಿ, ಕಲ್ಲಿನ ಮೇಲೆ ಹಾಕಿ ಬಡಿದಳು. ನೀರು ಕೆಂಪಗೆ ಹರಿಯಿತು. ನೆನೆದ ಕೌದಿ ಎಂದರೆ ಎತ್ತಿನ ಭಾರ. ಒಬ್ಬರಿಂದ ಹಿಂಡಲು ಆಗದು. ಗೆಳತಿ ತಡೆಯಲಾರದೆ ಬಂದು ಇನ್ನೊಂದು ತುದಿ ಹಿಡಿದಳು.

"ಬಿಡ ಅದನ್ನ! ಬಾಣಂತಿ ಇದ್ದೀ, ತಣ್ಣೀರಾಗ ಕೈ ಇಡ್ತೀ ಏನ? ಕಿವಿಗೆ ಅರಿಬಿ ಕಟಗೊಂಡಿಲ್ಲ, ಏನಿಲ್ಲ! ಹೋಗ ಒಳಗ!"

ಮದುವೆಯಾದ ಮೇಲೆ ತಾಯಿ ಮಗಳಿಗೆ ಆಡಿದ ಮೊದಲ ಮಾತು ಇದು. ಬೈಸಿಕೊಂಡ ಗೆಳತಿಯ ಮುಖ ನೋಡಬೇಕಿತ್ತು ನೀವು! ಕಣ್ಣು ಹೊಳೆಯುತ್ತಿತ್ತು. ಆ ತುದಿಯನ್ನು ನಾನು ಹಿಡಿದೆ.

ಕೌದಿಯನ್ನು ಬಿಸಿಲಿಗೆ ಹಾಕಿ ತಾಯಿ ಒಳಗೆ ಬಂದಳು. ತೊಟ್ಟಿಲ ಮುಂದೆ ಕೂತು, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, ಬಗ್ಗಿ ಬಗ್ಗಿ ಕೂಸನ್ನು ನೋಡಿದಳು. "ಎತಗೋ ಅವ್ವಾ" ಅಂದಳು ಮಗಳು. "ಹ್ಯಾಂಗ ಎತಗೊಳ್ಳಿ? ಕೈ ಖಾರ ಅದಾವ."

ಗೆಳತಿ ಒಳಗೆ ಹೋಗಿ ಕೂಸಿನ ಕೊಬ್ಬರಿ ಎಣ್ಣೆ ತಂದಳು. ತಾಯಿಯ ಕೈಗಳನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಬೆರಳಿಗೆ ಹಚ್ಚಿ ಹಚ್ಚಿ ಉಜ್ಜಿದಳು. ತಾಯಿ ಸುಮ್ಮನೆ ಕೊಟ್ಟಳು. ನಾನೂ ಖಾಲಾನೂ ಬಾಗಿಲಲ್ಲೇ ನಿಂತೆವು.

"ನೀನ ಮೂಸಿ ನೋಡು" ಅಂದಳು ತಾಯಿ ಕೊನೆಗೆ. "ನನ್ನ ಮೂಗಿಗೆ ತಿಳಿಯೂದಿಲ್ಲ."

ಗೆಳತಿ ಆ ಎರಡು ಅಂಗೈಗಳಲ್ಲಿ ಮುಖ ಇಟ್ಟಳು.

"ಇನ್ನಾ ಐತೇನ?"

ತಲೆ ಎತ್ತದೆಯೇ ಮಗಳು, "ಐತಿ" ಅಂದಳು.