ಆರತಿ ಹಾಡಿನಿಂದ ನಾನು ಅಳಿಸಿದ್ದು

ಸುಮಾ, ನಿನ್ನ ಮದುವೆಯಲ್ಲಿ ನಿನ್ನ ಅವ್ವ ಆರತಿ ಹಾಡು ಹಾಡದೆ ಸುಮ್ಮನೆ ಕುಳಿತದ್ದು ನನ್ನಿಂದ. ನೀನು ತಿಳಿದುಕೊಂಡಂತೆ, ಮಗಳು ಮರಾಠಿ ಹುಡುಗನನ್ನು ಮೆಚ್ಚಿ ಕಟ್ಟಿಕೊಂಡಳು ಎಂಬ ಸಿಟ್ಟಿನಿಂದಲ್ಲ. ನಾನು ಅವರಿಗೆ ಒಂದು ಸುಳ್ಳು ಹೇಳಿದ್ದೆ — ಪಕ್ಕದ ಮನೆಯ ಗಿರಿಜಕ್ಕ, ನೀನು ಚಿಕ್ಕಂದಿನಿಂದ ನಂಬಿದವಳು. ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಇಷ್ಟು ವರ್ಷ ನಿಮ್ಮಿಬ್ಬರ ಮನೆಯಲ್ಲೂ ಉಂಡೆ, ಹರಟಿದೆ, ನಕ್ಕೆ.

ನಾಗಪುರದ ಪ್ರತಾಪ ನಗರದ ನಮ್ಮ ಕನ್ನಡ ಹೆಣ್ಣುಮಕ್ಕಳ ಮಂಡಳಕ್ಕೆ ಆ ವರ್ಷ ಒಂದು ಹುಕಿ ಬಂದಿತ್ತು, ನಿನಗೆ ನೆನಪಿರಬೇಕು. ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಅರ್ಧಕ್ಕರ್ಧ ಮಕ್ಕಳು ಕೀಬೋರ್ಡ್ ಕ್ಲಾಸಿಗೆ ಹೋಗುತ್ತಾರೆ, ಐದು ಗೆರೆಗಳ ಮೇಲೆ ಚುಕ್ಕೆ ಕೂರಿಸಿದ ಇಂಗ್ಲಿಷ್ ಸ್ವರಲಿಪಿಯನ್ನು ಪಟಪಟ ಓದುತ್ತಾರೆ. ಹಾಗಾದರೆ ನಮ್ಮ ಹಾಡುಗಳನ್ನು ಅದರಲ್ಲೇ ಅಚ್ಚು ಹಾಕಿಸಿ, ಕೆಳಗೆ ಸಾಹಿತ್ಯವನ್ನು ದೇವನಾಗರಿಯಲ್ಲಿ ಕೊಟ್ಟುಬಿಡೋಣ! ಹಾಡುವವರು ಯಾರು? ನಿನ್ನ ಅವ್ವ, ನಮ್ಮೆಲ್ಲರ ನೀಲಾ ಕಾಕು. ಕಂಪ್ಯೂಟರಿಗೆ ಹಾಕುವವರು? ಗಿರಿಜಾ. ಬ್ಯಾಂಕಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ, ಹಾರ್ಮೋನಿಯಂ ಬರುತ್ತದೆ, ಮತ್ತೇನು ಬೇಕು! ಡೆಬಿಟ್ಟು ಕ್ರೆಡಿಟ್ಟು ನೋಡುವವಳಿಗೂ ಸ್ವರಲಿಪಿಗೂ ಎಲ್ಲಿಯ ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾನೂ ಆಗದು ಎನ್ನಲಿಲ್ಲ. ಜಂಬ, ಬೇರೇನಲ್ಲ.

ಕಾಕು ಟೇಪ್ ರೆಕಾರ್ಡರಿನ ಮುಂದೆ ಕುಳಿತು ಹಾಡಿಕೊಟ್ಟರು. ನಾನು ಕೇಳಿ ಕೇಳಿ ಒಂದೊಂದೇ ಸ್ವರವನ್ನು ಸಾಫ್ಟ್‌ವೇರಿಗೆ ತುಂಬಿಸಬೇಕಿತ್ತು. ಆ ಸಾಫ್ಟ್‌ವೇರೋ — ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ತೆರೆದ ಕೂಡಲೇ ಒಂದು ಬೂದು ಡಬ್ಬಿ ಪರದೆಯ ನಡುವೆ ಎದ್ದು ನಿಲ್ಲುತ್ತಿತ್ತು: ಧ್ವನಿಯ ಸಾಧನ ಸಿಗುತ್ತಿಲ್ಲ. ಸ್ಪೀಕರು ಕಣ್ಣೆದುರಿಗೇ ಇತ್ತು, ಹಾಳಾದ್ದಕ್ಕೆ ಕಾಣುತ್ತಿರಲಿಲ್ಲ. ವೈರು ಕಿತ್ತು ಮತ್ತೆ ಚುಚ್ಚಿದರೆ ಫಾಂಟ್ ಇಲ್ಲ ಎಂದು ಇನ್ನೊಂದು ಡಬ್ಬಿ. ಸಾಹಿತ್ಯವೆಲ್ಲ ಖಾಲಿ ಚೌಕಗಳಾಗಿ ಸಾಲಾಗಿ ಕುಳಿತಿರುತ್ತಿತ್ತು. ಫಾಂಟ್ ತಂದು ಹಾಕಿ, ಅಬ್ಬಾ ಎನ್ನುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ನಾಗಪುರದ ಮೇ ತಿಂಗಳು, ಕೂಲರ್ ನಿಂತಿದೆ, ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿದೆ, ಸೇವ್ ಮಾಡಿಲ್ಲ! ಎಲ್ಲ ಡಬ್ಬಿಗಳ ಕೆಳಗೂ ಒಂದೇ ಗುಂಡಿ, ಓಕೆ. ನನಗೆ ಓಕೆ ಇಲ್ಲದಿದ್ದರೂ ಅದನ್ನೇ ಒತ್ತಬೇಕು.

ಹೀಗೆ ಹಲ್ಲು ಕಚ್ಚಿಕೊಂಡು ಉಳಿದ ಹಾಡುಗಳನ್ನು ಮುಗಿಸಿದೆ. ಕೊನೆಗೆ ನಿನ್ನ ಅಜ್ಜಿ ಕಲಿಸಿದ ಆರತಿ ಹಾಡು ಬಂತು, ಹೊಸದೊಂದು ಡಬ್ಬಿಯೂ ಬಂತು: ಈ ಮನೆಯಲ್ಲಿ ಮಾತ್ರೆಗಳು ಹೆಚ್ಚಾಗಿವೆ. ಆ ಲಿಪಿಯಲ್ಲಿ ನಿಲುಗೆರೆ ಎಳೆದು ಹಾಡನ್ನು ಮನೆಗಳಾಗಿ ಭಾಗ ಮಾಡಿರುತ್ತಾರೆ, ಒಂದು ಮನೆಗೆ ತಾಳದ ಇಷ್ಟೇ ಏಟು ಎಂದು ಲೆಕ್ಕ. ಕಾಕು ಪ್ರತಿ ಸಾಲಿನ ಕೊನೆಗೆ ಒಂದು ಏಟು ಹೆಚ್ಚು ನಿಲ್ಲುತ್ತಿದ್ದರು. ಯಾಕೆಂದು ನಿನಗೆ ಹೇಳಬೇಕಿಲ್ಲ — ಎದುರುಬದುರು ನಿಂತ ಇಬ್ಬರು ಆರತಿ ತಟ್ಟೆಯನ್ನು ಕೆಳಗಿಳಿಸಿ ಮತ್ತೆ ಎತ್ತಬೇಕಲ್ಲ, ಅಷ್ಟು ಹೊತ್ತು ಹಾಡು ಅವರಿಗಾಗಿ ಕಾಯುತ್ತದೆ. ನನಗೂ ಗೊತ್ತಿತ್ತು. ಎಷ್ಟು ಮದುವೆಗಳಲ್ಲಿ ಆ ತಟ್ಟೆ ಹಿಡಿದಿದ್ದೆ ನಾನು!

ದಾರಿ ಇರಲಿಲ್ಲವೆಂದಲ್ಲ. ಬೇಕಾದ ಮನೆಗೆ ಬೇರೆ ಲೆಕ್ಕ ಕೊಡಬಹುದು ಎಂದು ಆ ಸಾಫ್ಟ್‌ವೇರಿನ ಸಹಾಯದ ಪುಟದಲ್ಲೇ ಬರೆದಿತ್ತು. ಓದಿದೆ, ಒಂದು ಸಾಲಿಗೆ ಮಾಡಿಯೂ ನೋಡಿದೆ. ಮುಂದಿನ ಸ್ವರಗಳೆಲ್ಲ ಜರುಗಿ, ಕೆಳಗಿನ ಸಾಹಿತ್ಯ ದಿಕ್ಕಾಪಾಲಾಯಿತು. ಮತ್ತೆ ಮೊದಲಿನಿಂದ ಕೂಡಿಸಬೇಕಿತ್ತು. ಪ್ರೆಸ್ಸಿನವರು ಜಲ್ದಿ ಜಲ್ದಿ ಎಂದು ಜೀವ ತಿನ್ನುತ್ತಿದ್ದರು, ನನಗೆ ತಲೆ ಚಿಟ್ಟು ಹಿಡಿದಿತ್ತು, ಮತ್ತು — ಇಲ್ಲ, ಇದೆಲ್ಲ ನೆಪ. ಸಾಲು ಸಾಲಿನ ಕೊನೆಯಿಂದ ಆ ಒಂದು ಮಾತ್ರೆಯನ್ನು ಅಳಿಸಿಬಿಟ್ಟೆ. ಡಬ್ಬಿ ಬರಲಿಲ್ಲ. ಎಷ್ಟು ಹಾಯೆನಿಸಿತು ಎಂದರೆ, ಹೇಳಲು ನಾಚಿಕೆಯಾಗುತ್ತದೆ.

ಪುಸ್ತಕ ಬಂತು. ಮಂಡಳದ ಹಾಲ್‌ನಲ್ಲಿ ಮೊದಲ ತಾಲೀಮು. ಮಕ್ಕಳು ಪುಸ್ತಕ ನೋಡಿ ಕೀಬೋರ್ಡ್ ಬಾರಿಸುವುದು, ಕಾಕು ಹಾಡುವುದು. ಮೊದಲ ಸಾಲು ಮುಗಿಯುವಲ್ಲೇ ಮಕ್ಕಳು ಮುಂದೆ ಓಡಿದರು, ಕಾಕು ಹಿಂದೆ ಉಳಿದರು. ಎರಡನೇ ಸಾಲಿಗೂ ಹಾಗೆಯೇ. ಹುಡುಗಿಯೊಬ್ಬಳು ಮರಾಠಿಯಲ್ಲಿ, “ಕಾಕು, ತುಮ್ಹೀ ಲೇಟ್ ಹೋತಾಯ್” ಎಂದಳು — ನೀವು ಲೇಟಾಗುತ್ತಿದ್ದೀರಿ ಅಂತೆ. ಉಳಿದವು ಕಿಸಕ್ಕನೆ ನಕ್ಕವು. ಕಾಕು ನನ್ನ ಕಡೆ ತಿರುಗಿದರು.

“ಗಿರಿಜಾ, ನಾ ಟೇಪಿನ್ಯಾಗ ಹಿಂಗ ಹಾಡೇನೇನ? ಸಾಲಿನ ಕಡೀಕ ನಿಂತಿಲ್ಲೇನ?”

ಆಗಲೇ ಹೇಳಬಹುದಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಪುಸ್ತಕ ಕೆಟ್ಟಿತು ಎಂದು ಎಲ್ಲರೂ ನನ್ನನ್ನು ಬೈಯುತ್ತಿದ್ದರು, ಅಷ್ಟೇ. ಅದಕ್ಕೇ ಹೆದರಿ ಹೇಳಿದೆ —

“ನೀವು ಹಾಡಿದ್ದ ಬರೋಬರ್ ಹಂಗs ಹಾಕೇನ್ರಿ ಕಾಕು. ತಪ್ಪಿದ್ರ ಕಂಪ್ಯೂಟರ್ ತೋರಸ್ತೈತಿ. ಒಂದೂ ತಪ್ಪು ತೋರಿಸಿಲ್ಲ ನೋಡ್ರಿ.”

ಟೇಪು ನನ್ನ ಮನೆಯಲ್ಲೇ ಇತ್ತು. ತಾ, ಹಾಕಿ ಕೇಳೋಣ ಎಂದು ಅವರು ಅನ್ನಲಿಲ್ಲ. ನನ್ನ ಮೇಲೆ ಅಷ್ಟು ಭರವಸೆ. “ಹಂಗಾರ ನನಗs ತಾಳ ತಪ್ಪಾಕತ್ತೈತಿ ಬಿಡು, ವಯಸ್ಸಾತು” ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತರು. ಅದಾದ ಮೇಲೆ ಯಾರ ಮನೆಯ ಕುಬಸಕ್ಕೂ ನಾಮಕರಣಕ್ಕೂ ಅವರು ಹಾಡಲಿಲ್ಲ. ಕರೆದವರಿಗೆಲ್ಲ ಗಂಟಲು ಸರಿ ಇಲ್ಲವೆಂದರು.

ಅಷ್ಟರಲ್ಲಿ ನಿನ್ನ ಮದುವೆ ಬಂತು. ಪಕ್ಕದ ಊರು ಕನ್ಹಾನಿನ ಮರಾಠಿ ಹುಡುಗ ಎಂದು ನಿಮ್ಮ ಮನೆಯಲ್ಲಿ ಮೊದಮೊದಲು ರಾದ್ಧಾಂತವಾದದ್ದು ನಿಜ. ಆಮೇಲೆ ಎಲ್ಲರಿಗಿಂತ ಮೊದಲು ಒಪ್ಪಿದವರು ನಿನ್ನ ಅವ್ವ, ಅದೂ ನಿಜ. ಮಂಟಪದಲ್ಲಿ ಆರತಿ ತಟ್ಟೆ ಹಿಡಿದ ಇಬ್ಬರಲ್ಲಿ ನಾನೊಬ್ಬಳು. ಹೆಂಗಸರೆಲ್ಲ “ಹಾಡ್ರಿ ಕಾಕು, ಹಾಡ್ರಿ” ಎಂದರು. “ಗಂಟಲಾ ಕಟ್ಟೈತಿ, ನೀವs ಹಾಡ್ರಿ” ಎಂದು ಕಾಕು ತಲೆ ತಗ್ಗಿಸಿದರು. ಯಾರೋ ನನ್ನ ಪುಸ್ತಕದ ಲೆಕ್ಕದಲ್ಲೇ ಹಾಡಿದರು, ನಾವು ಗಡಬಡಿಸಿ ತಟ್ಟೆ ಎತ್ತಿ ಇಳಿಸಿದೆವು. ನೀನು ಬಾಸಿಂಗದ ಕೆಳಗಿನಿಂದ ಅವ್ವನನ್ನು ನೋಡಿದೆ. ಆ ನೋಟ ನನಗೆ ಕಂಡಿತು. ತಟ್ಟೆ ಕೈಯಲ್ಲಿತ್ತು, ಬಾಯಿ ಖಾಲಿಯಿತ್ತು, ಆದರೂ ಹೇಳಲಿಲ್ಲ.

ಇನ್ನೊಂದು ಸಲ ನೀನೇ ಬಂದೆ, ನನ್ನ ಅಡುಗೆಮನೆಗೆ. “ಗಿರಿಜಕ್ಕ, ಊರ ಮಂದಿ ಮದುವ್ಯಾಗೆಲ್ಲ ಹಾಡಿದಾಕಿ ನನ್ನ ಮದುವ್ಯಾಗ ಬಾಯಿ ಬಿಡಲಿಲ್ಲ. ಒಪ್ಪಿಗಿ ಇಲ್ಲಂತ ಎಲ್ಲಾರ ಮುಂದ ತೋರಿಸಿದ್ಲು” ಎಂದು ಅತ್ತೆ. ನಾನು ಏನು ಮಾಡಿದೆ? “ಚಹಾ ಆರತೈತಿ, ತಗೋ” ಎಂದೆ. ಮೊದಲನೆಯದು ಸುಳ್ಳು, ಇದು ಸುಳ್ಳಿಗಿಂತ ಕೆಟ್ಟದ್ದು — ಇದಕ್ಕೆ ಹೆಸರೂ ಗೊತ್ತಿಲ್ಲ ನನಗೆ. ಅಲ್ಲಿಂದ ಇಲ್ಲಿಯವರೆಗೆ ನೀನು ನಾಗಪುರದ ಕಡೆ ಬಂದರೂ ಕನ್ಹಾನಿನ ಅತ್ತೆಮನೆಯಲ್ಲೇ ಇಳಿದು, ಅವ್ವನ ಬಳಿ ಒಂದು ಗಳಿಗೆ ಕೂತಂತೆ ಮಾಡಿ ಎದ್ದು ಹೋಗುತ್ತೀ.

ಮೊನ್ನೆ ಒಂದು ನಾಮಕರಣಕ್ಕೆ ಹೋಗಿದ್ದೆವು, ನಾನೂ ಕಾಕೂ. ಆ ಮನೆಯ ಸೊಸೆಯೊಬ್ಬಳು ಅದೇ ಆರತಿ ಹಾಡನ್ನು ಪುಸ್ತಕ ನೋಡಿ ಹಾಡಿದಳು. ಪಕ್ಕದಲ್ಲಿ ಕುಳಿತ ಕಾಕುವಿನ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಸಾಲಿನ ಕೊನೆಗೆ ಅದು ನಿಂತಿತು, ಬರೋಬರ್ ತಟ್ಟೆ ಇಳಿದು ಏರುವಷ್ಟು ಹೊತ್ತು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾದದ್ದೇ ತಡ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದರು. ನನ್ನಿಂದ ತಡೆಯಲಾಗಲಿಲ್ಲ. ಮನೆಗೆ ಕರೆತಂದು ಎಲ್ಲ ಹೇಳಿದೆ.

ಬೈದರು, ಸುಮಾ. ಅವರು ಬೈದದ್ದನ್ನು ನಾನು ಈ ಮೊದಲು ಕೇಳಿರಲಿಲ್ಲ. “ಇಷ್ಟು ವರ್ಷ ನಾ ಕಿವಿ ಕೆಟ್ಟಾಕಿ ಅಂತ ಬದುಕೇನಲ್ಲs, ನಿನ್ನ ಬಾಯಿಗೆ ಏನಾಗಿತ್ತು?” ಎಂದರು. ಬಹಳ ಹೊತ್ತು ಅತ್ತರು. ಆಮೇಲೆ, “ಬೀಗರ ಮುಂದ ತಾಳ ತಪ್ಪಿದ್ರ ಸುಮಾನ ಮಾನ ಹೋಗ್ತೈತಿ ಅಂತ ಬಾಯಿ ಮುಚ್ಚಿದೆ. ನನಗ್ಯಾಕ ಹೇಳಾಕತ್ತಿ? ಆಕಿಗೆ ಹೇಳು ಹೋಗು” ಎಂದರು.

ಅದಕ್ಕೇ ಹೇಳುತ್ತಿದ್ದೇನೆ. ನನ್ನನ್ನು ಕ್ಷಮಿಸು ಎನ್ನುವುದಿಲ್ಲ, ಕೇಳುವ ಮುಖವೂ ನನಗಿಲ್ಲ. ಆ ದಿನ ನಿನ್ನ ಅವ್ವ ಸಿಟ್ಟಿನಿಂದ ಸುಮ್ಮನಿರಲಿಲ್ಲ. ನಿನಗೆ ಅವಮಾನವಾದೀತೆಂದು ಹೆದರಿ ಸುಮ್ಮನಿದ್ದರು. ಹೆದರಿಸಿದವಳು ನಾನು.