ತಾಯಿ ನೋಡದ ಮದುವೆ

ಕುರಿಗಳ ಜೊತೆ ವಿಮಾನ ಹತ್ತಿ ಹೋದವನ ಕೇಸು ಇದು ಎಂದಾಗ ನಾನು ನಂಬಲಿಲ್ಲ. ಲಿಂಗಸುಗೂರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುವ ನನಗೆ ಗೊತ್ತಿದ್ದದ್ದು ಹೊಲದ ಬದುವಿನ ತಕರಾರು, ಕಾಲುವೆ ನೀರಿನ ಜಗಳ. ಇದರಲ್ಲಿ ವಿಮಾನ ಎಲ್ಲಿಂದ ಬರಬೇಕು? ಆದರೆ ಮಸ್ಕಿ ಕಡೆಯ ಹಳ್ಳಿಯೊಂದರ ಅತ್ತೆ, ಸೊಸೆ ನನ್ನೆದುರು ಕೂತಿದ್ದರು. ಸಿಂಧನೂರಿನ ವ್ಯಾಪಾರಿಯೊಬ್ಬ ಸರಕು ವಿಮಾನದಲ್ಲಿ ಕೊಲ್ಲಿ ದೇಶಕ್ಕೆ ಕುರಿ ಕಳಿಸುತ್ತಿದ್ದನಂತೆ. ದಾರಿಯಲ್ಲಿ ಕುರಿ ಬೆದರದಂತೆ ನೋಡಿಕೊಳ್ಳಲು ಈ ಮುದುಕಿಯ ಮಗನನ್ನು ಜೊತೆಗೆ ಹತ್ತಿಸಿದ್ದ. ಇಳಿಯುವಾಗ ವಿಮಾನ ಬಿದ್ದು ಸುಟ್ಟುಹೋಯಿತು.

"ಕುರಿ ಸತ್ತದ್ದಕ್ಕ ಸಾವ್ಕಾರಗ ಪರಿಹಾರದ ರೊಕ್ಕ ಬಂದೈತಂತ್ರಿ. ನನ್ನ ಮಗ ಸತ್ತದ್ದಕ್ಕ ಯಾರೂ ಜವಾಬು ಕೊಡವಲ್ರು," ಎಂದಳು ಮುದುಕಿ.

ನನ್ನ ಸಿಟ್ಟು ನನಗೇ ಗೊತ್ತು, ಒಮ್ಮೆ ಏರಿದರೆ ಬೇಗ ಇಳಿಯುವುದಿಲ್ಲ. ಅವನ ಹೆಸರಿನಲ್ಲಿ ಟಿಕೆಟ್ ಇರಲಿಲ್ಲ, ಆದ್ದರಿಂದ ಅವನು ಪ್ರಯಾಣಿಕನೇ ಅಲ್ಲ ಎಂದು ವಿಮಾನ ಕಂಪನಿಯವರು ವಾದ ಹೂಡಿದಾಗ ಫೋನಿನಲ್ಲೇ ಹರಿಹಾಯ್ದೆ. "ಟಿಕೆಟ್ ಇಲ್ಲಂದ್ರ ಅಂವೇನು ರೆಕ್ಕಿ ಕಟಗೊಂಡು ಹಾರಿ ಹೋಗಿದ್ನೇನ್ರಿ?" ಟಿಕೆಟ್ ಕೊಡದಿದ್ದ ಮಾತ್ರಕ್ಕೆ ಕರೆದೊಯ್ದವರ ಹೊಣೆ ತಪ್ಪುವುದಿಲ್ಲ ಎಂದು ಕಾನೂನೇ ಹೇಳುತ್ತದೆ. ವಿಮಾನ ಬಿದ್ದ ಕೇರಿಯಲ್ಲಿ ಮನೆ ಕಳೆದುಕೊಂಡವರೂ ಆ ದೇಶದ ಕೋರ್ಟಿಗೆ ಹೋಗಿದ್ದರು. ಕೊನೆಗೆ ಕಂಪನಿಯವರು ತಣ್ಣಗಾದರು. ಆದರೆ ಪರಿಹಾರದ ರಾಜಿಗೆ ಬರುವಾಗ ಹೊಸ ಮಾತು ತೆಗೆದರು. ತಾಯಿಯೊಬ್ಬಳೇ ಒಪ್ಪಿಗೆ ಕೊಟ್ಟರೆ ಸಾಕು, ಆ ಹೆಣ್ಣುಮಗಳು ಹೆಂಡತಿ ಎನ್ನುವುದಕ್ಕೆ ಒಂದು ಫೋಟೋ ಇಲ್ಲ, ಲಗ್ನಪತ್ರಿಕೆ ಇಲ್ಲ ಎಂದರು.

ಸೊಸೆ ತಲೆ ಎತ್ತಲಿಲ್ಲ. ಮುದುಕಿ ಮಾತ್ರ ಬೆರಳು ಮಡಚಿ ಮುಷ್ಟಿ ಮಾಡಿಕೊಂಡಳು. "ಆಕಿನ್ನ ಬಿಟ್ಟು ನಾ ಹೆಬ್ಬಟ್ಟು ಒತ್ತಂಗಿಲ್ಲ. ಏನಾರ ಮಾಡ್ಕೊಳ್ಳಲಿ," ಎಂದಳು. ಭಲೇ ಮುದುಕಿ ಅನ್ನಿಸಿತು. ಸೊಸೆಯೇ ಹೆಂಡತಿ ಎಂದು ಕೋರ್ಟಿನಿಂದ ಹೇಳಿಸಲು ದಾವೆ ಹಾಕಿದೆ. ಹೆತ್ತ ತಾಯಿಯೇ ಸಾಕ್ಷಿ ಇರುವಾಗ ಇನ್ನೇನು ಬೇಕು ಎಂದುಕೊಂಡೆ.

ಮುದುಕಿಯ ಸಾಕ್ಷಿ ವಿಚಾರಣೆಯ ದಿನ ಕಂಪನಿಯ ವಕೀಲರು ಬೆಂಗಳೂರಿನಿಂದ ಬಂದಿದ್ದರು. ಬಹಳ ಮೆತ್ತಗೆ ಕೇಳಿದರು: "ಅಮ್ಮಾ, ನಿಮ್ಮ ಮಗನಿಗೂ ಇವರಿಗೂ ಮದುವೆಯಾದದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲರಿ."

"ಆ ದಿನ ನೀವು ಊರಿನಲ್ಲಿ ಇರಲಿಲ್ಲವೆ?"

"ಊರಾಗ ಇದ್ದೆ. ಆದ್ರ ನೋಡಿಲ್ಲ. ಸುಳ್ಳ್ಯಾಕ ಹೇಳ್ಲಿ?"

ನಾನೆದ್ದು, "ಯಾಕ ನೋಡ್ಲಿಲ್ಲ, ಸಾಹೇಬ್ರಿಗೆ ಹೇಳಬೇ," ಎಂದೆ. ಮುದುಕಿ ನ್ಯಾಯಾಧೀಶರ ಮುಖವನ್ನು ಒಮ್ಮೆ ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಏನು ಕೇಳಿದರೂ ತುಟಿ ಬಿಚ್ಚಲಿಲ್ಲ. ಕಂಪನಿಯ ವಕೀಲರು ನಗುತ್ತ ಕೂತರು.

ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಾನು ಕೂಗಾಡಿಬಿಟ್ಟೆ. "ಕೈಯಾಗಿದ್ದ ಕೇಸು ಕೆಡಿಸಿದೆಲ್ಲಬೇ! ಬಾಯಿಗೆ ಏನಾಗಿತ್ತು?"

ಮುದುಕಿ ಹೆದರಲಿಲ್ಲ. "ಅದು ಉಡಿಕಿ ಮದುವಿ, ಯಪ್ಪಾ," ಎಂದಳು ಸಣ್ಣ ದನಿಯಲ್ಲಿ.

ಆಗ ನನಗೆ ಎಲ್ಲ ತಿಳಿಯಿತು. ಸೊಸೆಯ ತವರು ಮುಕ್ಕುಂದ. ಸಣ್ಣ ವಯಸ್ಸಿನಲ್ಲೇ ಮೊದಲ ಗಂಡ ತೀರಿಕೊಂಡಿದ್ದ. ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವುದಕ್ಕೆ ನಮ್ಮ ಕಡೆ ಉಡಿಕಿ ಎನ್ನುತ್ತಾರೆ. ವಾಲಗವಿಲ್ಲ, ಹಂದರವಿಲ್ಲ. ಹೊತ್ತು ಮುಳುಗಿದ ಮೇಲೆ ಊರ ಹೊರಗಿನ ಗುಡಿಯಲ್ಲಿ ಹೊಸ ಸೀರೆ ಉಡಿಸಿ ತಾಳಿ ಕಟ್ಟಿಸುತ್ತಾರೆ. ಮುತ್ತೈದೆಯರು ಅದನ್ನು ನೋಡಬಾರದು, ಅವರ ಗಂಡಂದಿರಿಗೆ ಕೇಡು ಎಂಬ ನಂಬಿಕೆ. ಆಗ ಮುದುಕಿಯ ಗಂಡ ಬದುಕಿದ್ದ. ಹೀಗಾಗಿ ಮಗನ ಮದುವೆಯ ಹೊತ್ತಿನಲ್ಲಿ ಅವಳು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು.

"ಇದನ್ನ ಒಳಗ ಹೇಳಾಕ ಏನಾಗಿತ್ತು?"

"ಆ ನ್ಯಾಯಾಧೀಶಮ್ಮನ ಹಣಿಮ್ಯಾಲ ಕುಂಕುಮ ಐತಿ. ಕೊಳ್ಳಾಗ ತಾಳಿ ಐತಿ. ಅಕಿ ಮುಂದ ಉಡಿಕಿ ಮಾತು ಹ್ಯಾಂಗ ತಗೀಲಿ? ಮಂದಿ ಮಕ್ಕಳು ತಣ್ಣಗ ಇರಲಿ."

ಮಗನನ್ನು ಕಳೆದುಕೊಂಡು ಕೋರ್ಟಿಗೆ ಬಂದವಳು ಗುರುತು ಪರಿಚಯವಿಲ್ಲದ ನ್ಯಾಯಾಧೀಶರ ಗಂಡನ ಆಯುಷ್ಯದ ಚಿಂತೆ ಮಾಡಿದ್ದಳು. ಚಹಾ ತರಿಸಿ ಕುಡಿಸಿದೆ. ಹಾಗಾದರೆ ಮದುವೆಯನ್ನು ನೋಡಿದವರು ಯಾರು ಎಂದು ಕೇಳಿದೆ.

"ಮತ್ಯಾರು? ಊರಾಗಿನ ರಂಡಿ ಮುಂಡಿಯರು," ಎಂದಳು. ಗಂಡ ಸತ್ತವರು ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಾರೆ. ಕೇಳುವಾಗ ನನಗೇ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಮುಂದಿನ ತಾರೀಖಿಗೆ ಟಂಟಂ ಆಟೋ ತುಂಬ ಮುದುಕಿಯರು ಬಂದಿಳಿದರು. ಎಲ್ಲರೂ ತೊಳೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರು. ಒಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಪಾ, ಬಿಸಲಾಗ ಕರಿ ಕೋಟು ಹಾಕ್ಕೊಂಡು ಬೇಯಾಕತ್ತೀಯಲ್ಲ!" ಎಂದಳು. ಉಳಿದವರು ಕಿಸಕ್ಕೆಂದರು. "ಮದುವಿ ಮನ್ಯಾಗ ನಮ್ಮನ್ನ ಹಿತ್ತಲದಾಗ ಕುಂಡ್ರಸ್ತಾರ. ನೀ ಎಲ್ಲಿ ಕುಂಡ್ರಸ್ತಿ?" ಎಂದಳು ಇನ್ನೊಬ್ಬಳು. ಒಳಗೆ ಕರೆದೊಯ್ದು ಮೊದಲ ಬೆಂಚಿನಲ್ಲೇ ಕೂಡಿಸಿದೆ.

ಅವರಲ್ಲಿ ಹಿರಿಯಳು ಕಟಕಟೆಗೆ ಬಂದಳು. ನ್ಯಾಯಾಧೀಶರ ಕುಂಕುಮ ನೋಡಿ ಅವಳೂ ತಡವರಿಸಿದಳು. ನ್ಯಾಯಾಧೀಶರಿಗೆ ನಾನು ವಿಷಯ ತಿಳಿಸಿದ್ದೆ. ಅವರು ಬರೆಯುವುದನ್ನು ನಿಲ್ಲಿಸಿ, "ಹೇಳಿ ಅಜ್ಜಿ, ನನಗೇನೂ ಆಗುವುದಿಲ್ಲ," ಎಂದರು. ಆ ಹಿರಿಯಳು ಅವರ ಕಡೆ ಕೈ ನೀವಾಳಿಸಿ, ತನ್ನ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದಳು. ಆಮೇಲೆ ಹೇಳಿದಳು.

"ಸೀರಿ ಉಡಿಸಿದಾಕಿ ನಾನ ರೀ. ತಾಳಿ ಪೋಣಿಸಿದಾಕಿನೂ ನಾನ. ಆ ಹುಡುಗ ಮೊದಲನೇ ಗಂಟು ಸಡಿಲ ಹಾಕಿದ. ಗಟ್ಟಿ ಹಾಕಲೇ ಅಂತ ನಾನ ಬೈದೆ."

ಕಂಪನಿಯ ವಕೀಲರು ಪ್ರಶ್ನೆ ಇಲ್ಲವೆಂದು ಕಡತ ಮುಚ್ಚಿದರು. ಸಮಾಜದ ರೂಢಿಯಂತೆ ಆದ ಮದುವೆಯೂ ಮದುವೆಯೇ ಎಂದು ಕಾನೂನಿನಲ್ಲೇ ಇದೆ. ಅದನ್ನು ನಾನು ಓದಿ ಹೇಳಿ ಕೂತೆ.

ತೀರ್ಪಿನ ದಿನ ಸೊಸೆ ನನ್ನ ಹಿಂದೆಯೇ ನಿಂತಿದ್ದಳು. ಓದಿದ್ದು ಅವಳಿಗೆ ತಿಳಿಯಲಿಲ್ಲ. "ಏನಂದ್ರು, ವಕೀಲಣ್ಣಾರ?" ಎಂದು ಪಿಸುಗುಟ್ಟಿದಳು.

"ನೀ ಅವನ ಹೇಣ್ತಿ ಅಂದಾರವ್ವಾ."

"ಹಂಗಾರ ನಾ ಇನ್ನ ಅವನ ಹೇಣ್ತಿ ಅಂತ ಮಂದಿ ಮುಂದ ಅಳಬಹುದೇನ್ರಿ?"

ಅತ್ತೆ ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡು, "ಅಳು, ನನ್ನ ಕೂಸೇ," ಎಂದಳು.